ಮುಟ್ಟಿದರೆ ನಿಲ್ಲುವ ಕಾರು

ನಮ್ಮ ನೆಂಟರಿಷ್ಟರ ಬಾಯಲ್ಲಿ ನಾನು ಅತ್ತೆಯ ಕೊರಳ ಲಿಂಗ ಬೀಳಿಸಿದ ಸೊಸೆ. ಎದುರಿಗೆ ಯಾರೂ ಹಾಗನ್ನುವುದಿಲ್ಲ. ಮದುವೆ ಮನೆಯಲ್ಲೋ ನಾಮಕರಣದಲ್ಲೋ ನನ್ನನ್ನು ಹೊಸಬರಿಗೆ ತೋರಿಸಿ, "ಕಾರು ಓಡಿಸ್ತಾಳಲ್ಲ, ಅವಳೇ ಇವಳು" ಎನ್ನುತ್ತಾರೆ. ಹೊಸಬರು "ಓಹೋ" ಎಂದು ನನ್ನ ಮುಖ ಬಿಟ್ಟು ಕಾಲು ನೋಡುತ್ತಾರೆ. ತಪ್ಪು ಮಾಡಿದ್ದು ಯಾವ ಕಾಲು ಎಂದು ಹುಡುಕುತ್ತಾರೋ ಏನೋ. ಆ ದಿನ ನಡೆದದ್ದೇನು ಎಂದು ಬಲ್ಲವರು ಇಬ್ಬರೇ, ನಾನು ಮತ್ತು ಅತ್ತೆ. ಅತ್ತೆ ಹೇಳುವವರಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಕಾರು ಬಂದದ್ದು ನನ್ನ ಗಂಡನ ಪಾದದ ದೆಸೆಯಿಂದ. ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ತಿಂದುಹಾಕಿತ್ತು. ಒಂದು ಬೆಳಿಗ್ಗೆ ಹಳೆಯ ಕಾರನ್ನು ನಮ್ಮ ಮನೆಯ ಕಟ್ಟೆಗೇ ಗುದ್ದಿಸಿ ಇಳಿದರು. ಬ್ರೇಕ್ ತುಳಿದಿದ್ದೆ, ಹಿಡಿಯಲಿಲ್ಲ ಎಂದು ವಾದ. ಕಾಲು ಇದ್ದದ್ದು ಪಕ್ಕದ ಪೆಡಲಿನ ಮೇಲೆ. ಗುದ್ದಿದ ಮೇಲೂ ಎಂಜಿನ್ ಮೊರೆದದ್ದನ್ನು ನಾನು ಬಾಗಿಲಲ್ಲೇ ನಿಂತು ಕೇಳಿದ್ದೆ. ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಆ ದೊಡ್ಡ ಕಾರನ್ನು ಕೊಟ್ಟು ಈ ಚಿಕ್ಕದನ್ನು ತಂದದ್ದಾಯಿತು. ಓಡಿಸುವವರು ಯಾರು ಎಂಬ ಮಾತು ಬಂದಾಗ ನನ್ನ ಗಂಡ, "ಡ್ರೈವರ್ ನೋಡ್ಬೇಕು" ಎಂದರು.

"ನನಗೆ ಬರುತ್ತೆ" ಎಂದೆ.

ಅವರು ನಕ್ಕರು. ನಗುವುದು ಸಹಜವೇ. ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದ ಮೇಲೆ ನಾನು ಓಡಿಸಿದ್ದನ್ನು ಈ ಮನೆಯಲ್ಲಿ ಯಾರೂ ಕಂಡಿರಲಿಲ್ಲ, ಓಡಿಸುತ್ತೀಯಾ ಎಂದು ಯಾರೂ ಕೇಳಿರಲೂ ಇಲ್ಲ. ಆದರೆ ಲೈಸೆನ್ಸನ್ನು ತಪ್ಪದೆ ನವೀಕರಿಸಿಕೊಂಡು ಬಂದಿದ್ದೆ. ಸೀರೆಯ ಕಪಾಟಿನಲ್ಲಿ, ಮದುವೆಯ ಧಾರೆ ಸೀರೆಯ ಮಡಿಕೆಯೊಳಗೆ ಅದು ಬೆಚ್ಚಗಿತ್ತು.

ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಪ್ಪನ ಹತ್ತಿರ ಹರಾಜಿನಲ್ಲಿ ಹಿಡಿದ ಒಂದು ಮುದಿ ಜೀಪಿತ್ತು. ಗಂಡುಮಕ್ಕಳಿಲ್ಲದ ಮನೆ; ಹಿರಿಯವಳಾದ ನನ್ನನ್ನೇ ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿ ಕೂರಿಸಿದರು. ಆ ಜೀಪಿನ ಬ್ರೇಕು ಒಂದೇ ತುಳಿತಕ್ಕೆ ಹಿಡಿದದ್ದೇ ಇಲ್ಲ. ನಮ್ಮ ಕಡೆ ರಸ್ತೆಗೆ ಇಳಿಯುವುದು ಮನುಷ್ಯರಿಗಿಂತ ಕುರಿಗಳೇ ಜಾಸ್ತಿ. ದೂರದಲ್ಲಿ ಧೂಳು ಎದ್ದಿತೆಂದರೆ ಹಿಂಡು ಬಂತೆಂದು ಅರ್ಥ. ಆಗಿನಿಂದಲೇ ಒದೆಯುತ್ತಾ ಬರಬೇಕು. "ಕುರಿ ಕಂಡ್ರೆ ಕಾಯಬ್ಯಾಡ, ಒದಿ! ಇನ್ನೊಂದಪ ಒದಿ! ಸೊಂಟದಿಂದ ಒದಿ!" ಎಂದು ಅಪ್ಪ ಪಕ್ಕದಲ್ಲಿ ಕೂತು ಕೂಗುತ್ತಿದ್ದರು. ನನ್ನ ಕಾಲು ಕಲಿತದ್ದು ಅದನ್ನು. ಅಪ್ಪ ಹೋದರು, ಜೀಪು ಗುಜರಿಗೆ ಹೋಯಿತು, ಆ ಒದೆತ ಮಾತ್ರ ನನ್ನ ಬಲಗಾಲಿನಲ್ಲಿ ಉಳಿದುಕೊಂಡಿತ್ತು.

ಗಂಡ ನಗುತ್ತಿರುವಾಗ ಅಡಿಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ, "ಮನ್ಯಾಗೆ ಗಟ್ಟಿ ಕಾಲು ಇರುವಾಗ ಊರೋರ ಕಾಲು ಯಾಕೆ ಹುಡುಕ್ತೀಯ? ಓಡಿಸ್ಲಿ ಬಿಡು" ಎಂದರು. ಆ ಮನೆಗೆ ಬಂದಾಗಿನಿಂದ ಅತ್ತೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಸಾರಿಗೆ ಉಪ್ಪು ಜಾಸ್ತಿಯಾಯಿತು, ರೊಟ್ಟಿ ದಪ್ಪವಾಯಿತು ಎಂಬುದನ್ನು ಬಿಟ್ಟರೆ ಅವರು ನನ್ನೊಡನೆ ಮಾತಾಡಿದ್ದೇ ಕಡಿಮೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಉಳಿದ ಅವರೆಕಾಯಿಯನ್ನೆಲ್ಲ ನಾನೇ ಸುಲಿದುಕೊಟ್ಟೆ.

ಕಾರಿಗೆ ಪೂಜೆ ಮಾಡಿದ ದಿನವೇ ಮಾನ ಹೋಯಿತು. ಅಯ್ಯನೋರು ಬಂದು ವಿಭೂತಿ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಹೂಂ ಬಿಡ್ರಿ ತಾಯಿ" ಎಂದರು. ಬರಿಗಾಲಲ್ಲಿ ಕೂತಿದ್ದೆ, ಹೊಸ ಗಾಡಿಗೆ ಚಪ್ಪಲಿ ಕಾಲು ಬೇಡವೆಂದು. ಕಾರು ಅಂಗುಲ ಕದಲಿದ್ದೇ ತಡ, ಎದುರಿಗೆ ನಿಂತವರನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಟ್ಟೆ. ಇಟ್ಟೆ ಅಷ್ಟೆ, ಒತ್ತಿರಲಿಲ್ಲ. ಕಾರು ಗಕ್ಕನೆ ನಿಂತು ಮೂಗು ಬಗ್ಗಿಸಿತು. ಮತ್ತೆ ಬಿಟ್ಟೆ, ಮತ್ತೆ ಗಕ್ಕನೆ ನಿಂತಿತು. ಕೊನೆಗೆ ನೋಡಿದರೆ ಎಡಗಡೆಯ ನಿಂಬೆಹಣ್ಣು ಒಡೆಯದೆ ಪಕ್ಕಕ್ಕೆ ಉರುಳಿಕೊಂಡಿತ್ತು. "ಬ್ರೇಕ್ ಹಾಕ್ತೀಯೋ, ಜಿರಲೆ ಹೊಸಕ್ತೀಯೋ?" ಎಂದರು ನನ್ನ ಗಂಡ. ನಿಂತವರೆಲ್ಲ ನಕ್ಕರು. ಒಡೆಯದ ಆ ನಿಂಬೆಹಣ್ಣನ್ನು ನಾದಿನಿಯರು ಮನಸ್ಸಿನಲ್ಲಿ ಜೋಪಾನವಾಗಿ ಎತ್ತಿಟ್ಟುಕೊಂಡರು. ಮುಂದೆ ಅದು ಅವರಿಗೆ ಉಪಯೋಗಕ್ಕೆ ಬಂತು.

ಶೋರೂಮಿನವರನ್ನು ಕೇಳಿದೆ. "ಈಗಿನ ಗಾಡಿಗಳು ಹಂಗೇ ಮೇಡಂ, ಬ್ರೇಕು ಶಾರ್ಪ್ ಇರ್ತಾವೆ, ಅಭ್ಯಾಸ ಆಗ್ತೈತೆ" ಎಂದರು. ಎಷ್ಟು ಶಾರ್ಪ್ ಎಂದರೆ, ಆ ಪೆಡಲಿಗೆ ತುಳಿತದ ಅಗತ್ಯವೇ ಇಲ್ಲ. ಮೇಲಿನ ಕೂದಲೆಳೆಯಷ್ಟು ಜಾಗದಲ್ಲೇ ಅದರ ಎಲ್ಲ ಶಕ್ತಿಯೂ ಕೂತಿದೆ. ನಿಧಾನ ಮಾಡೋಣವೆಂದರೆ ನಿಂತುಬಿಡುತ್ತದೆ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರ ಹಾಗೆ. ಅಂಥವರ ಜೊತೆ ಬಾಳಿದ ಅಭ್ಯಾಸ ನನಗಿತ್ತು, ಆದರೆ ಅದು ಕಾಲಿಗೆ ಇರಲಿಲ್ಲ.

ಅತ್ತೆಯನ್ನು ನಾನು ಕರೆದೊಯ್ಯುತ್ತಿದ್ದದ್ದು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ. ಅಲ್ಲಿ ಅವರ ತಂಗಿ ಇದ್ದಾರೆ, ಚಿಕ್ಕತ್ತೆ. ಮಂಡಿ ಸವೆದು ಎಲ್ಲಿಗೂ ಏಳಲಾರರು. ಗಂಡ ಓಡಿಸುತ್ತಿದ್ದ ಕಾಲದಲ್ಲಿ ಅಕ್ಕ ತಂಗಿಯರ ಭೇಟಿ ವರ್ಷಕ್ಕೊಂದು ಆದರೆ ಹೆಚ್ಚು, ಅದೂ ನೂರು ಗೊಣಗಾಟದ ನಂತರ. ನನ್ನ ಕೈಗೆ ಕಾರು ಬಂದ ಮೇಲೆ ತಿಂಗಳಿಗೊಮ್ಮೆ ಹೊರಟೆವು. ಹಿಂದೆ ಕೂತರೆ ಅತ್ತೆಗೆ ವಾಂತಿ. ಹಾಗಾಗಿ ಮುಂದಿನ ಸೀಟು ಅವರದೇ ಆಯಿತು.

ಮೊದಲ ಸಲ ಬೆಲ್ಟ್ ಹಾಕಿದಾಗ, "ಎಮ್ಮಿ ಕಟ್ಟಿದಂಗೆ ಕಟ್ತೀಯಲ್ಲೇ" ಎಂದರು. ಹಾಕದಿದ್ದರೆ ಕಾರು ಕುಂಯ್ ಕುಂಯ್ ಎನ್ನುತ್ತದೆ, ಹೊನ್ನಾಳಿ ಸೇತುವೆ ದಾಟಿದರೆ ಪೊಲೀಸರು ಬೇರೆ. ಕಟ್ಟಿಸಿಕೊಂಡರು. ಅತ್ತೆಯ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇದೆ, ಒಳಗೆ ಇಷ್ಟಲಿಂಗ. ಅವರ ಅವ್ವ ಮಾಡಿಸಿಕೊಟ್ಟ ಗಟ್ಟಿ ಕರಡಿಗೆ, ಕೋಳಿಮೊಟ್ಟೆಯಷ್ಟು ದಪ್ಪ. ಶಿವದಾರದಲ್ಲಿ ಅದು ತೂಗುವ ಜಾಗಕ್ಕೂ ಬೆಲ್ಟು ಹಾಯುವ ಜಾಗಕ್ಕೂ ಒಂದು ಬೆರಳಿನ ಅಂತರವೂ ಇರಲಿಲ್ಲ. ನಾನು ಬ್ರೇಕಿಗೆ ಕಾಲು ತಾಕಿಸಿದಾಗಲೆಲ್ಲ ಅತ್ತೆ ಮುಂದಕ್ಕೆ ಬರುತ್ತಿದ್ದರು, ಬೆಲ್ಟು ಬಿಗಿದುಕೊಳ್ಳುತ್ತಿತ್ತು, ಕರಡಿಗೆ ಎದೆಗೂಡಿಗೆ ಒತ್ತುತ್ತಿತ್ತು. "ಅವ್ವಾ!" ಎನ್ನುತ್ತಿದ್ದರು. ಪ್ರತಿ ಹಂಪಿಗೂ ಒಂದು ಅವ್ವಾ. ನಮ್ಮ ಕಡೆ ರಸ್ತೆಯಲ್ಲಿ ಹಂಪುಗಳಿಗೇನು ಬರವಿಲ್ಲ.

"ನೋವಾಯ್ತೇನ್ರಿ ಅತ್ತೆ?"

"ನಿನ್ನ ಕಾಲಿಗೆ ಬೆಂಕಿ ಹಾಕ" ಎನ್ನುತ್ತಿದ್ದರು. ಎಂದು ನಗುತ್ತಲೂ ಇದ್ದರು. ನನಗೆ ಆ ಬೈಗುಳ ಹಿತವಾಗಿತ್ತು.

ಏಕೆಂದರೆ ಕಾರಿನೊಳಗೆ ಅವರು ಬೇರೆಯೇ ಹೆಂಗಸು. ಬಸವಾಪಟ್ಟಣ ದಾಟುವವರೆಗೆ ಬಿಗಿದ ಮುಖ. ಊರು ಹಿಂದೆ ಬಿದ್ದಿತೋ, ಸೆರಗು ತಲೆಯಿಂದ ಜಾರಿಸಿ ಮಾತಿಗೆ ಶುರು. ತಾವು ಹುಡುಗಿಯಾಗಿದ್ದಾಗ ಗೊಬ್ಬರದ ಗಾಡಿ ಹೊಡೆಯುತ್ತಿದ್ದದ್ದನ್ನು ನನಗೆ ಹೇಳಿದ್ದು ಅಲ್ಲೇ. ನೊಗದ ಹತ್ತಿರ ನಿಂತು, ಹಗ್ಗ ಹಿಡಿದು, ಇಳಿಜಾರಿನಲ್ಲಿ ಎತ್ತುಗಳನ್ನು ಹಿಂದಕ್ಕೆ ಜಗ್ಗಿ ಗಾಡಿ ತಡೆಯುತ್ತಿದ್ದರಂತೆ. "ಮದ್ವಿ ಆದ್ಮ್ಯಾಲೆ ಹಗ್ಗ ಮುಟ್ಟಾಕೆ ಬಿಡ್ಲಿಲ್ಲ ಕಣೇ. ನಿಮ್ಮ ಮಾವ, ಹೆಂಗಸು ಗಾಡಿ ಹೊಡುದ್ರೆ ಎತ್ತು ಬಡವಾಗ್ತಾವೆ ಅಂದ್ರು. ನಾನು ನಂಬಿದ್ದೆ ನೋಡು" ಎಂದು ನಕ್ಕರು. ಆ ಮಾತನ್ನು ಅವರು ತಮ್ಮ ಹೆಣ್ಣುಮಕ್ಕಳಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ನನಗೆ ತಿಂಗಳಿಡೀ ಆ ಪ್ರಯಾಣದ್ದೇ ಧ್ಯಾನ. ಐವತ್ತು ದಾಟಿದವಳಿಗೆ ಹೊಸದಾಗಿ ಒಬ್ಬ ಗೆಳತಿ ಸಿಕ್ಕಿದ್ದಳು, ಅದೂ ಅತ್ತೆಯ ರೂಪದಲ್ಲಿ.

ಕೆಲವು ಸಲ ಹೋಗಿಬಂದ ಮೇಲೆ ಒಂದು ಬದಲಾವಣೆ ಕಂಡಿತು. "ಅವ್ವಾ" ನಿಂತಿತು. ಹಂಪು ಬಂದರೂ ಅತ್ತೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸೆರಗಿನೊಳಗೆ ಕೈ ಮಡಚಿಟ್ಟುಕೊಂಡು ಹಾಯಾಗಿ ಕೂತಿರುತ್ತಿದ್ದರು. ನನ್ನ ಕಾಲು ಪಳಗಿತು ಎಂದುಕೊಂಡೆ. ಕಾರೂ ನಾನೂ ಒಬ್ಬರಿಗೊಬ್ಬರು ಹೊಂದಿಕೊಂಡೆವು ಎಂದು ಗಂಡನ ಮುಂದೆ ಜಂಬ ಕೊಚ್ಚಿದೆ. "ಹಂಗಾ?" ಎಂದರು ಅವರು, ಪೇಪರಿನಿಂದ ಕಣ್ಣು ಎತ್ತದೆ.

ಮೆಕ್ಕೆಜೋಳದ ಕಾಲ. ಹೊನ್ನಾಳಿ ರಸ್ತೆಯ ಅರ್ಧವನ್ನು ರೈತರು ಕಣ ಮಾಡಿಕೊಂಡಿದ್ದರು. ಕಾಳು ಹರವಿ, ಗಾಡಿಗಳು ಹಾಯದಂತೆ ಸುತ್ತ ಕಲ್ಲು ಜೋಡಿಸಿ. ಉಳಿದ ಅರ್ಧದಲ್ಲಿ ಹೋಗುವವರೂ ಬರುವವರೂ ಒಬ್ಬರನ್ನೊಬ್ಬರು ನೋಡಿಕೊಂಡು ದಾಟಬೇಕು. ನಾನು ದಾಟುತ್ತಿದ್ದೆ. ಎದುರಿನಿಂದ ಹುಲ್ಲಿನ ಹೊರೆ ಹೇರಿಕೊಂಡ ಬೈಕೊಂದು ಕಾಯದೆ ನುಗ್ಗಿತು. ನನ್ನ ಕಾಲು ಅಪ್ಪನ ಕಾಲಾಯಿತು. ಸೊಂಟದಿಂದ ಒದ್ದೆ.

ಕಾರು ನೆಟ್ಟ ಕಲ್ಲಿನ ಹಾಗೆ ನಿಂತಿತು. ಬೈಕಿನವನು ಪಕ್ಕಕ್ಕೆ ಸರಿದು ಹೋಗಿಯೇಬಿಟ್ಟ. ಯಾರಿಗೂ ಏನೂ ಆಗಲಿಲ್ಲ ಎಂದು ಉಸಿರು ಬಿಡುತ್ತಿದ್ದಾಗ ಎಡಕ್ಕೆ ಠಣ್ ಎಂದು ಸದ್ದಾಯಿತು. ಅತ್ತೆಯ ಮಡಿಲಿನಿಂದ ಏನೋ ಹಾರಿ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು ಕೆಳಗೆ ಬಿದ್ದಿತ್ತು. ನೋಡಿದೆ. ಕರಡಿಗೆ ಮುಚ್ಚಳ ತೆರೆದು ಒಂದು ಕಡೆ, ಲಿಂಗ ಇನ್ನೊಂದು ಕಡೆ, ಅತ್ತೆಯ ಚಪ್ಪಲಿಗೆ ಆನಿಕೊಂಡು. ಶಿವದಾರ ಅವರ ಬೆರಳುಗಳಿಗೆ ಸುತ್ತಿಕೊಂಡು ಉಳಿದಿತ್ತು. ಕೊರಳಲ್ಲಿ ಅಲ್ಲ, ಬೆರಳುಗಳಿಗೆ.

ಅತ್ತೆ ಬಗ್ಗಲು ನೋಡಿದರು. ಬಿಗಿದ ಬೆಲ್ಟು ಬಿಡಲಿಲ್ಲ. ಕೈ ಚಾಚುತ್ತಾರೆ, ಎಟುಕುವುದಿಲ್ಲ, ಮತ್ತೆ ಚಾಚುತ್ತಾರೆ. ಗಂಟಲಿನಿಂದ ಬರುತ್ತಿದ್ದ ದನಿ ಮಾತೂ ಅಲ್ಲ, ಅಳುವೂ ಅಲ್ಲ. ನಾನು ಬೆಲ್ಟು ಬಿಚ್ಚಿದೆ. ಅವರು ಕೆಳಗೆ ಕುಸಿದು ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡರು, ಹಣೆಗೊತ್ತಿಕೊಂಡರು. ಕಾಳು ಹರವುತ್ತಿದ್ದ ಹೆಂಗಸು ಓಡಿಬಂದು ಚೊಂಬಿನಲ್ಲಿ ನೀರು ಕೊಟ್ಟಳು. ಅತ್ತೆ ತಲೆ ಅಲ್ಲಾಡಿಸಿದರು. ಲಿಂಗ ಮೈಬಿಟ್ಟಿದೆ, ಅಯ್ಯನೋರು ಬಂದು ಮತ್ತೆ ಕಟ್ಟುವವರೆಗೆ ಹನಿ ನೀರೂ ಇಲ್ಲ. ಅವರ ಕಾಲದವರಿಗೆ ಅದು ಪ್ರಾಣ ಮೈಬಿಟ್ಟದ್ದಕ್ಕೆ ಸಮ. ಗೋವಿನಕೋವಿಗೆ ಹೋಗಲಿಲ್ಲ. ಕಾರು ತಿರುಗಿಸಿದೆ.

ಮನೆಯಲ್ಲಿ ಗಂಡ, ಆ ದಿನ ಬಂದಿದ್ದ ಇಬ್ಬರು ನಾದಿನಿಯರು, ಎಲ್ಲರೂ ಜಗುಲಿಗೆ ಬಂದರು. "ಏನಾತವ್ವಾ? ಹೆಂಗೆ ಬಿತ್ತು?"

ಅತ್ತೆ ನನ್ನನ್ನು ನೋಡಲಿಲ್ಲ. "ಬ್ರೇಕ್ ಹಾಕಿದ್ಲು. ಬಿತ್ತು" ಎಂದರು.

ಅದು ಸುಳ್ಳಲ್ಲ. ಬ್ರೇಕ್ ಹಾಕಿದೆ, ಬಿತ್ತು. ನಡುವೆ ಇರಬೇಕಾದ ಒಂದು ಮಾತನ್ನು ಅವರು ನುಂಗಿಕೊಂಡರು. ಅದನ್ನೂ ಹೇಳುತ್ತಾರೆ ಎಂದು ನಾನು ಕಾಯುತ್ತಾ ನಿಂತೆ. ಅವರು ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ಹಿರಿಯ ನಾದಿನಿ, "ಅವತ್ತೇ ನಿಂಬೆಹಣ್ಣು ಒಡೀಲಿಲ್ಲ, ನಾನು ಅಂದ್ಕಂಡೆ" ಎಂದಳು. ನನ್ನ ಗಂಡ ಕೈ ಚಾಚಿದರು. ಏನು ಎಂದು ನೋಡಿದರೆ ಕೀಲಿ ಕೇಳುತ್ತಿದ್ದರು. ಕೊಟ್ಟೆ.

ಮರುದಿನ ಬೆಳಿಗ್ಗೆ ಅಯ್ಯನೋರು ಬಂದರು. ಲಿಂಗವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಪೆಟ್ಟಾಗಿಲ್ಲ ಬಿಡ್ರಿ, ದೇವ್ರು ದೊಡ್ಡೋನು" ಎಂದಾಗ ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆಮೇಲೆ ಅವರು ಶಿವದಾರ ಎತ್ತಿ ಹಿಡಿದು, "ಹರದಿಲ್ಲವಲ್ಲ ತಾಯಿ, ಹೆಂಗೆ ಜಾರ್ತು?" ಎಂದು ಕೇಳಿದರು. ವಿಭೂತಿ ತಟ್ಟೆ ಹಿಡಿದು ನಿಂತಿದ್ದ ನಾನು ಒಂದು ಹೆಜ್ಜೆ ಮುಂದೆ ಬಂದೆ. ಈಗ ಹೇಳುತ್ತಾರೆ. ಈಗ ಹೇಳಲೇಬೇಕು.

"ಹಳೇ ಗಂಟು ರೀ. ಸಡ್ಲಾಗಿತ್ತೇನೋ. ಬ್ರೇಕಿನ ಏಟಿಗೆ ಬಿಚ್ಚಿರ್ಬೇಕು" ಎಂದರು ಅತ್ತೆ.

ಅಯ್ಯನೋರು ನನ್ನ ಕಡೆ ತಿರುಗಿ, "ನಿಧಾನಕ್ಕೆ ಓಡಿಸ್ಬೇಕಮ್ಮ" ಎಂದರು. ತಟ್ಟೆ ಎತ್ತಿ ಕುಕ್ಕಬೇಕೆನ್ನುವಷ್ಟು ಸಿಟ್ಟು ಬಂತು. ಕುಕ್ಕಲಿಲ್ಲ. ಇಡೀ ಹಗಲು ರಾತ್ರಿ ಹನಿ ನೀರಿಲ್ಲದೆ ಕೂತ ಮುದುಕಿಯ ಎದುರು ನಿಂತು, ಗಂಟು ತಾನಾಗಿ ಬಿಚ್ಚಿಕೊಂಡಿಲ್ಲ ಎಂದರೆ ನನ್ನ ಮಾತನ್ನು ಯಾರು ಕೇಳಿಯಾರು? ಅಲ್ಲಿ ನೆರೆದವರಿಗೆಲ್ಲ ಬೇಕಾಗಿದ್ದ ಉತ್ತರ ಆಗಲೇ ಸಿಕ್ಕಿತ್ತು.

ಆ ಸಂಜೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುವಾಗ ಅವರ ಎದೆ ಕಂಡಿತು. ಕರಡಿಗೆ ಕೂರುವ ಜಾಗದಲ್ಲಿ ಚರ್ಮ ಕಪ್ಪುಗಟ್ಟಿ, ಅಂಚಿನಲ್ಲಿ ಹಳದಿಯಾಗಿತ್ತು. ಒಂದು ದಿನದ ಪೆಟ್ಟಲ್ಲ ಅದು. ನನ್ನ ಕಾಲು ತಿಂಗಳುಗಳಿಂದ ಹೊಡೆದ ಪೆಟ್ಟು. ಆಗ ಎಲ್ಲ ಹೊಳೆಯಿತು. "ಅವ್ವಾ" ನಿಂತದ್ದು ನನ್ನ ಕಾಲು ಪಳಗಿದ್ದರಿಂದ ಅಲ್ಲ. ಕಾರು ಊರು ದಾಟಿದ ಮೇಲೆ ಅವರು ಕರಡಿಗೆ ಬಿಚ್ಚಿ, ಸೆರಗಿನೊಳಗೆ ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದರು. ಗೋವಿನಕೋವಿ ಬರುವ ಮುಂಚೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಸ್ನಾನಕ್ಕೂ ಲಿಂಗ ಬಿಚ್ಚದ ಹೆಂಗಸು. ನೋವು ಎಂದು ಬಾಯಿಬಿಟ್ಟರೆ ನಾನು ಕಾರು ಓಡಿಸುವುದು ನಿಲ್ಲುತ್ತದೆ, ಪ್ರಯಾಣ ನಿಲ್ಲುತ್ತದೆ, ತಂಗಿಯ ಮುಖ ತಪ್ಪುತ್ತದೆ. ನನಗೆ ಬೇಜಾರಾಗುತ್ತದೆ ಎಂಬುದೂ ಅದರಲ್ಲಿ ಸ್ವಲ್ಪ ಇತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅವರ ಮೇಲೆ ಮರುಕವೂ ಸಿಟ್ಟೂ ಒಟ್ಟಿಗೇ ಉಕ್ಕಿದವು. "ನೀವು ಬಿಚ್ಚಿದ್ರಿ ಅಂತ ಹೇಳ್ಬೋದಿತ್ತಲ್ಲ ಅತ್ತೆ" ಎಂದೆ.

"ಯಾರು ಬಿಚ್ಚಿದ್ರು?"

"ನಾನು ನೋಡಿದೀನಿ. ದಾರ ನಿಮ್ಮ ಕೈಯಾಗಿತ್ತು."

ಅವರು ಸೆರಗು ಎಳೆದುಕೊಂಡರು. "ಎಣ್ಣಿ ಸಾಕು. ಹೋಗು, ಒಲಿ ಮ್ಯಾಲೆ ಏನಿಟ್ಟೀಯೋ ನೋಡು" ಎಂದರು. ಮತ್ತೆ ಹಳೆಯ ಅತ್ತೆ. ಅವರಿಗೆ ತಮ್ಮ ಕೈಯಾರೆ ಲಿಂಗ ಬಿಚ್ಚಿದ್ದು ಹೇಳಲಾಗದ ತಪ್ಪು. ಸೊಸೆಯ ಕಾಲು ಹತ್ತಿರದಲ್ಲೇ ಇತ್ತು, ತಪ್ಪನ್ನು ಅಲ್ಲಿಟ್ಟರು. ಇಡುವುದಕ್ಕೆ ಸೊಸೆಯರಿಗಿಂತ ಒಳ್ಳೆಯ ಜಾಗ ನಮ್ಮ ಮನೆಗಳಲ್ಲಿ ಇನ್ನೆಲ್ಲಿದೆ?

ಬೇಕಾದ ದಿನ ಮಾತ್ರ ಬರುವ ಡ್ರೈವರೊಬ್ಬ ಗೊತ್ತಾದ. ಚನ್ನಗಿರಿಯ ಅಡಿಕೆ ಮಂಡಿಗೆ ನನ್ನ ಗಂಡನನ್ನು ಕರೆದುಕೊಂಡು ಹೋಗುತ್ತಿದ್ದ. ಮೊದಲ ದಿನ ನನ್ನನ್ನೂ ಕೂರಿಸಿಕೊಂಡಿದ್ದರು. ಅವನೂ ಬ್ರೇಕ್ ಮುಟ್ಟಿದ, ಕಾರು ಗಕ್ಕನೆ ನಿಂತಿತು, ನಾವೆಲ್ಲ ಮುಂದಕ್ಕೆ ಬಾಗಿದೆವು. "ಹೊಸ ಗಾಡಿ ಅಲ್ವಾ, ಬ್ರೇಕು ಶಾರ್ಪ್ ಐತೆ" ಎಂದು ನನ್ನ ಗಂಡ ಅವನಿಗೆ ಸಮಾಧಾನ ಹೇಳಿದರು. ಜಿರಲೆಯ ಮಾತು ಬರಲಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕೆ, ಬೇರೇನು ಮಾಡಲಿ. ಅವನ ಕಾಲಿಗೆ ಬ್ರೇಕು ಶಾರ್ಪು, ನನ್ನ ಕಾಲಿಗೆ ನಾನೇ ಮೊಂಡು.

ಡ್ರೈವರ್ ಬಾರದ ದಿನಗಳಲ್ಲಿ, ಗಂಡ ಊಟ ಮಾಡಿ ಮಲಗಿದಾಗ, ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ನಾಲೆ ಏರಿಯ ರಸ್ತೆಗೆ ಹೋಗತೊಡಗಿದೆ. ಕದ್ದೇ ಹೋದೆ. ನನ್ನದೇ ಮನೆಯ ಕಾರನ್ನು ನಾನು ಕದ್ದೆ ಎಂದರೆ ಯಾವ ಸ್ಟೇಷನ್ನಿನಲ್ಲಿ ಕೇಸು ಹಾಕುತ್ತಾರೆ ನೋಡೋಣ. ಮುಂದಿನ ಸೀಟಿನವರು ಕಾಲಿಡುವಲ್ಲಿ, ಲಿಂಗ ಬಿದ್ದ ಜಾಗದಲ್ಲೇ, ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಚೊಂಬು ಇಟ್ಟೆ. ಓಡಿಸಿದೆ, ನಿಲ್ಲಿಸಿದೆ. ಚೊಂಬು ಮಗುಚಿತು. ತುಂಬಿದೆ, ಓಡಿಸಿದೆ, ಮತ್ತೆ ಮಗುಚಿತು. ಮ್ಯಾಟು ಯಾಕೆ ಒದ್ದೆ ಎಂದು ಮನೆಯಲ್ಲಿ ಕೇಳಿದರೆ ಒರೆಸಿದೆ ಎನ್ನುತ್ತಿದ್ದೆ.

ಮೊದಲು ಹಿಮ್ಮಡಿಯನ್ನು ನೆಲಕ್ಕೆ ಊರಿ, ಬರೀ ಹೆಬ್ಬೆರಳ ಬುಡದಿಂದ ಮುಟ್ಟುವುದನ್ನು ಕಲಿತೆ. ಕಾಲಿಡೀ ಎತ್ತಿದರೆ ಕೆಟ್ಟೆ. ಆಮೇಲೆ, ನಿಲ್ಲಿಸಬೇಕಾದ ಜಾಗ ದೂರ ಇರುವಾಗಲೇ ಓಟದ ಪೆಡಲನ್ನು ಬಿಟ್ಟುಬಿಡುವುದು, ಕಾರಿಗೆ ತಾನೇ ದಣಿಯಲು ಸಮಯ ಕೊಡುವುದು. ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯದು: ಇನ್ನೇನು ನಿಂತೇಬಿಟ್ಟಿತು ಎನ್ನುವಾಗ ಬ್ರೇಕನ್ನು ಒತ್ತುವ ಬದಲು ಚೂರು ಬಿಡಬೇಕು. ಆಗ ಕಾರು ಮೂಗು ಬಗ್ಗಿಸದೆ ನಿಲ್ಲುತ್ತದೆ. ನಿಲ್ಲಿಸಲು ಬಿಡಬೇಕು ಎಂಬುದನ್ನು ನನ್ನ ಕಾಲು ಒಪ್ಪಲೇ ಇಲ್ಲ. ಕುರಿಹಿಂಡಿನ ಮುಂದೆ ಕಲಿತ ಕಾಲು ಅದು, ಬಿಟ್ಟರೆ ಸಾಯುತ್ತವೆ ಎಂದು ಅದಕ್ಕೆ ಗೊತ್ತು. ಏರಿಯ ಮೇಲೆ ಒಬ್ಬಳೇ ಕೂತು, ಒದಿ ಒದಿ ಎಂದ ಅಪ್ಪನ ದನಿಯನ್ನು ದಿನಕ್ಕಿಷ್ಟರಂತೆ ಮರೆಯುತ್ತಿದ್ದೆ. ಅವರಿಂದ ನನಗೆ ಬಂದ ಆಸ್ತಿ ಅದೊಂದೇ ಆಗಿತ್ತು. ಒಂದು ಮಧ್ಯಾಹ್ನ ಅತ್ತುಬಿಟ್ಟೆ ಕೂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಚೊಂಬಿನ ನೀರು ಅಲುಗಾಡುತ್ತಿತ್ತು, ಚೆಲ್ಲುತ್ತಿರಲಿಲ್ಲ. ತೋರಿಸುವುದಕ್ಕೆ ಯಾರೂ ಇರಲಿಲ್ಲ. ಏರಿಯ ಮೇಲೆ ಎಮ್ಮೆ ಮೇಯಿಸುವ ಮುದುಕನೊಬ್ಬ, "ಏನ್ ತಾಯಿ, ದಿನಾ ಬಂದು ನಿಲ್ಲಿಸಿ ನಿಲ್ಲಿಸಿ ಹೋಗ್ತೀರಲ್ಲ, ಗಾಡಿ ಕೆಟ್ಟೈತಾ?" ಎಂದು ಕೇಳಿದ್ದ. ಇಲ್ಲ ಎಂದಿದ್ದೆ.

ಆಮೇಲೆ ಗೋವಿನಕೋವಿಯಿಂದ ಫೋನ್ ಬಂತು. ಚಿಕ್ಕತ್ತೆ ಜ್ವರ ಬಂದು ಮಲಗಿದ್ದಾರೆ, ಅಕ್ಕನನ್ನು ನೋಡಬೇಕು ಎನ್ನುತ್ತಿದ್ದಾರೆ. ಡ್ರೈವರ್ ಚನ್ನಗಿರಿಯ ಕಡೆ ಯಾವುದೋ ಶಾಲೆಯ ಬಸ್ಸು ಓಡಿಸುವ ಕಾಯಂ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದ. ನನ್ನ ಗಂಡ ಇಬ್ಬರು ಮೂವರಿಗೆ ಫೋನ್ ಮಾಡಿ, ಯಾರೂ ಸಿಗದೆ, ಕೊನೆಗೆ ಮೊಳೆಯಿಂದ ಕೀಲಿ ತೆಗೆದು ನನ್ನ ಮುಂದೆ ಮೇಜಿನ ಮೇಲಿಟ್ಟರು. ಕೈಗೆ ಕೊಡಲಿಲ್ಲ. "ಮೆಲ್ಲಕೆ" ಎಂದರು.

ಮುಂದಿನ ಬಾಗಿಲು ತೆರೆದು ನಿಂತೆ. ಅತ್ತೆ ಆ ಬಾಗಿಲನ್ನು ಕಾಣದವರಂತೆ ದಾಟಿ ಹೋಗಿ ಹಿಂದೆ ಕೂತರು. ವಾಂತಿಗೆಂದು ಒಂದು ನಿಂಬೆಹಣ್ಣು ಮೂಗಿನ ಹತ್ತಿರ, ಇನ್ನೊಂದು ಕೈ ಎದೆಯ ಮೇಲಿನ ಕರಡಿಗೆಯ ಮೇಲೆ. ಬೆಲ್ಟ್ ಇಲ್ಲ. ಇನ್ನು ಮುಖದಲ್ಲಿ ತೋರಿಸುವುದೇನು, ಕಾಲಲ್ಲೇ ತೋರಿಸುತ್ತೇನೆ ಎಂದುಕೊಂಡೆ.

ತೋರಿಸಿದೆ. ಹಂಪುಗಳ ಮೇಲೆ ತೊಟ್ಟಿಲು ತೂಗಿದ ಹಾಗೆ ಹತ್ತಿಸಿ ಇಳಿಸಿದೆ. ರಸ್ತೆಯಲ್ಲಿ ಮತ್ತೆ ಮೆಕ್ಕೆಜೋಳ ಹರವಿದ್ದರು; ಎದುರಿನವರಿಗೆ ದಾರಿ ಬಿಡಲು ನಿಲ್ಲಿಸಿದಾಗ ನಿಂತದ್ದು ನನಗೇ ತಿಳಿಯಲಿಲ್ಲ. ಹೊನ್ನಾಳಿ ಸೇತುವೆಯ ಮೇಲೆ ಲಾರಿಗಳ ಹಿಂದೆ ನಿಂತು ನಿಂತು ಹೋದೆ, ಒಂದು ಕುಲುಕಿಲ್ಲ. ಕನ್ನಡಿಯಲ್ಲಿ ನೋಡಿದರೆ ಅತ್ತೆಯ ಕೈಯ ನಿಂಬೆಹಣ್ಣು ಮಡಿಲಿಗೆ ಇಳಿದಿತ್ತು. ಹೊಳೆ ನೋಡುತ್ತಿದ್ದರು. ವಾಂತಿಯೂ ಇಲ್ಲ, ಅವ್ವಾ ಎಂಬ ದನಿಯೂ ಇಲ್ಲ. ಎದೆಯ ಮೇಲಿನ ಕೈ ಮಾತ್ರ ಗೋವಿನಕೋವಿಯವರೆಗೆ ಅಲ್ಲೇ ಇತ್ತು.

ಚಿಕ್ಕತ್ತೆಯ ಜ್ವರ ಇಳಿದಿತ್ತು. ಅಕ್ಕನನ್ನು ಕಂಡು ಎದ್ದು ಕೂತರು. ಕೈ ಹಿಡಿದು ಅತ್ತು, ನಕ್ಕು, ಟೀ ಕುಡಿದ ಮೇಲೆ, "ಇವಳ ಕಾರಿಗೇ ಬಂದ್ಯಾ ಅಕ್ಕ? ಭಯ ಆಗ್ಲಿಲ್ಲೇನು?" ಎಂದು ಕೇಳಿದರು. ಸುದ್ದಿ ಅಲ್ಲಿಗೂ ತಲುಪಿತ್ತು. ನಾನು ಲೋಟ ಹಿಡಿದು ಬಾಗಿಲ ಹತ್ತಿರ ಕೂತಿದ್ದೆ. ಅತ್ತೆ ಏನನ್ನುತ್ತಾರೆ ಎಂದು ಕೇಳುವ ಆಸೆಯನ್ನು ನನ್ನಿಂದ ಮುಚ್ಚಿಡಲಾಗಲಿಲ್ಲ. ಮುಖ ಎತ್ತಿ ನೋಡಿಯೇ ನೋಡಿದೆ.

"ಇಲ್ಲವ್ವ, ಒಂದೀಟೂ ಕುಲುಕ್ಲಿಲ್ಲ" ಎಂದರು ಅತ್ತೆ. "ಈಗ ಬ್ರೇಕು ರಿಪೇರಿ ಮಾಡ್ಸ್ಯಾರೆ."

ಚಿಕ್ಕತ್ತೆ ತಲೆದೂಗಿದರು. "ಹಂಗನ್ನು. ಯಾರೋ ಒಳ್ಳೇ ಮೇಸ್ತ್ರಿ ಸಿಕ್ಕಿರ್ಬೇಕು."

ಟೀ ಆರಿತ್ತು. ಕುಡಿದು ಲೋಟ ತೊಳೆದಿಟ್ಟೆ.

ಹೊರಡುವಾಗ ಚಿಕ್ಕತ್ತೆ ಗೋಡೆ ಹಿಡಿದು ಬಾಗಿಲವರೆಗೆ ಬಂದರು. "ಮುಂದೆ ಕುಂತ್ಕೊ ಅಕ್ಕ, ಗಾಳಿ ಬರ್ತೈತೆ, ರಿಪೇರಿ ಆಗೈತಲ್ಲ" ಎಂದರು. ಅತ್ತೆ ಮುಂದಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟರು. ಒಂದು ಗಳಿಗೆ ಅಲ್ಲೇ ನಿಂತರು. "ಹಿಂದೇ ಸೈ" ಎಂದು ಹಿಂದಿನ ಬಾಗಿಲು ತೆರೆದುಕೊಂಡರು.

ಹೊನ್ನಾಳಿ ದಾಟುವವರೆಗೆ ನಾನು ಬಾಯಿ ಕಟ್ಟಿಕೊಂಡಿದ್ದೆ. ಊರು ಹಿಂದೆ ಬಿದ್ದಾಗ, ಮೊದಲಾದರೆ ಮರಳುವ ದಾರಿಯಲ್ಲಿ ಅವರು ಸೆರಗು ಜಾರಿಸಿ ಮಾತಿಗೆ ಶುರುಮಾಡುತ್ತಿದ್ದ ಜಾಗದಲ್ಲಿ, ತಡೆಯಲಾಗಲಿಲ್ಲ.

"ಬ್ರೇಕು ರಿಪೇರಿ ಮಾಡಿಸಿಲ್ಲ ಅತ್ತೆ. ಅದೇ ಬ್ರೇಕು."

ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ತಪ್ಪಿಸಿಕೊಳ್ಳಲಿಲ್ಲ.

"ಗೊತ್ತೈತೆ" ಎಂದರು. "ಮುಂದೆ ನೋಡಿ ಓಡಿಸು."

ಮುಂದೆ ಹಂಪು ಇತ್ತು. ಮೆಲ್ಲಗೆ ಹತ್ತಿಸಿ ಇಳಿಸಿದೆ.